ಮೂರು ದಿನಕ್ಕೆಂದು ಹೋದವರ ಅನ್ನ

ನನ್ನ ಓರಗಿತ್ತಿ ಓಕ್‌ಬುನ್ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಹೆಸರೆತ್ತಿದರೆ ಬಾಮ್‌ಗೋಲ್ ಊರಿನವರು ಈಗಲೂ ‘ದೇವರಂಥ ಹೆಂಗಸು’ ಎನ್ನುತ್ತಾರೆ. ಊರಿನವರಿಗೇನು, ಎಲುಬಿಲ್ಲದ ನಾಲಿಗೆ. ಐವತ್ತು ವರ್ಷ ಅವಳ ಪಕ್ಕದ ಮನೆಯಲ್ಲಿ ಬಾಳಿದ ನಾನು ಹೇಳುವುದಾದರೆ, ಅವಳು ದೇವರಲ್ಲ, ಶುದ್ಧ ಹಟಮಾರಿ. ಒಂದು ಮಾತು ಹಿಡಿದಳೆಂದರೆ ಎತ್ತು ಕಟ್ಟಿ ಎಳೆದರೂ ಬಿಡುವವಳಲ್ಲ. ಅವಳು ಜೀವಮಾನವಿಡೀ ಹಿಡಿದುಕೊಂಡದ್ದು ಒಂದೇ ಮಾತು, ತನ್ನ ಗಂಡ ಬದುಕಿದ್ದಾರೆ ಎಂದು. ಅದನ್ನು ಅವಳ ಕೈಯಿಂದ ಬಿಡಿಸಲು ಹೊರಟವಳು ನಾನು. ಅದಕ್ಕೇ ಅವಳ ಕಥೆಯನ್ನು ಬೇರೆಯವರ ಬಾಯಿಗೆ ಬಿಡದೆ ನಾನೇ ಹೇಳುತ್ತಿದ್ದೇನೆ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನೇಳು. ಯುದ್ಧಕ್ಕೆ ಇನ್ನೂ ಎರಡು ವರ್ಷವಿತ್ತು. ನನ್ನ ತವರು ಹಳ್ಳದ ಆಚೆ ದಡದಲ್ಲಿ, ಕೂಗಿದರೆ ಕೇಳುವಷ್ಟು ದೂರ. ಆದರೆ ನಮ್ಮನ್ನಾಳುತ್ತಿದ್ದ ಜಪಾನಿನವರು ಸೋತು ಹೋದ ವರ್ಷ ಯಾರೋ ದೊಡ್ಡವರು ಎಲ್ಲೋ ಕುಳಿತು ನಮ್ಮ ದೇಶದ ನಕಾಶೆಯ ಮೇಲೆ ಅಡ್ಡಗೆರೆ ಎಳೆದಿದ್ದರು. ಗೆರೆಯ ಉತ್ತರಕ್ಕೆ ರಷ್ಯದವರು, ದಕ್ಷಿಣಕ್ಕೆ ಅಮೆರಿಕದವರು. ಅವರು ಯಾರೂ ನಮ್ಮ ಹಳ್ಳವನ್ನು ಕಂಡವರಲ್ಲ. ಗಂಡನ ಮನೆ ಉತ್ತರಕ್ಕೆ ಹೋಯಿತು, ನನ್ನ ತವರು ದಕ್ಷಿಣಕ್ಕೆ, ಮನೆಯ ಎರಡು ಗದ್ದೆಗಳೂ ದಕ್ಷಿಣಕ್ಕೆ. ಮದುವೆಯ ದಿನ ಹಳ್ಳದ ಈಚೆ ಒಬ್ಬ ಕಾವಲಿನವನು ನನ್ನ ಪಲ್ಲಕ್ಕಿಯ ಪರದೆ ಸರಿಸಿ ನೋಡಿದ. ಆಚೆ ಮತ್ತೊಬ್ಬ ನೋಡಿದ. ಗಂಡ ನನ್ನ ಮುಖ ನೋಡುವ ಮೊದಲೇ ಎರಡು ಸರ್ಕಾರಗಳು ನೋಡಿ ಮುಗಿಸಿದ್ದವು.

ಪಲ್ಲಕ್ಕಿಯಿಂದ ನನ್ನನ್ನು ಇಳಿಸಿಕೊಂಡವಳು ಓಕ್‌ಬುನ್. ಅವಳಿಗೆ ಆಗ ಇಪ್ಪತ್ತೆರಡು.

"ಕಾಲು ನೋಯ್ತಾ ಇದೆಯಾ ತಂಗಿ?" ಎಂದಳು.

"ಪಲ್ಲಕ್ಕೀಲಿ ಬಂದೋಳಿಗೆ ಕಾಲು ಯಾಕಕ್ಕ ನೋಯುತ್ತೆ?"

"ಮಡಚಿಕೊಂಡು ಕೂತು ಕೂತು ನೋಯಲ್ವೇನೇ. ನನಗೆ ಮೂರು ದಿನ ನೋಯ್ತಿತ್ತು. ಯಾರೂ ಕೇಳಲೇ ಇಲ್ಲ."

ಅತ್ತೆ ಮಾವ ಇರಲಿಲ್ಲ. ಅಣ್ಣ ಇನ್‌ಗ್ಯು, ತಮ್ಮ ತೆಗ್ಯು, ನಾವಿಬ್ಬರು ಸೊಸೆಯರು, ಅಷ್ಟೇ ಸಂಸಾರ. ತೆಗ್ಯು ನನ್ನ ಗಂಡ. ಇನ್‌ಗ್ಯು ಭಾವ ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಬೆನ್ನಿಗೆ ಮರದ ಹೊರೆಚೌಕಟ್ಟು ಏರಿಸಿದರೆ ಇಬ್ಬರ ಹೊರೆ ಒಬ್ಬರೇ ಹೊರುತ್ತಿದ್ದರು, ಊಟಕ್ಕೆ ಕುಳಿತರೂ ಇಬ್ಬರ ಊಟ. "ನಿನ್ನ ಭಾವ ಉಣ್ಣೋಕೆ ಕೂತ್ರೆ ಏಳೋದು ಮರೆತೇ ಹೋಗುತ್ತೆ ಕಣೇ" ಎಂದು ಅಕ್ಕ ಅವರ ಎದುರಿಗೇ ಛೇಡಿಸುತ್ತಿದ್ದಳು. ಅವರು ಬಟ್ಟಲು ಮುಂದೆ ಒಡ್ಡಿ ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದರು. ಅವರಿಗೆ ಮಕ್ಕಳಾಗಿರಲಿಲ್ಲ. ಆಗಬಹುದೆಂದು ಕಾಯುತ್ತಿದ್ದರು.

ಆಮೇಲೆ ಯುದ್ಧ ಬಂತು. ಬೇಸಿಗೆಯಲ್ಲಿ ಉತ್ತರದ ಸೈನ್ಯ ನಮ್ಮ ಮನೆಯ ಮುಂದೆಯೇ ಹಾಡುತ್ತ ದಕ್ಷಿಣಕ್ಕೆ ಇಳಿದು ಹೋಯಿತು. ಸುಗ್ಗಿಯ ಹುಣ್ಣಿಮೆ ಕಳೆದು ಆರನೇ ದಿನ ಅದೇ ಸೈನ್ಯ ಹಾಡದೆ ವಾಪಸು ಬಂತು. ಹಿಂದಿನಿಂದ ಅಮೆರಿಕದ ವಿಮಾನಗಳು ಅಟ್ಟಿಕೊಂಡು ಬರುತ್ತಿದ್ದವು. ಒಬ್ಬ ಅಧಿಕಾರಿ ಅಂಗಳಕ್ಕೆ ಬಂದು ಮನೆಗೊಬ್ಬ ಗಂಡಸು ಬೇಕು ಎಂದ.

"ಧಾನ್ಯದ ಮೂಟೆ ಕಣಿವೆ ದಾಟಿಸಿ ಇಳಿಸಿದ್ರೆ ಆಯ್ತು. ಮೂರು ದಿನದ ಕೆಲಸ."

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಆ ಕ್ಷಣ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ನನ್ನ ಗಂಡ ಹೋಗದಿರಲಿ.

"ನಾನೇ ಬರ್ತೀನಿ" ಎಂದರು ಭಾವ. "ಇವನು ಹೊಸ ಮದುವೆಯೋನು. ಕರ್ಕೊಂಡು ಹೋದ್ರೆ ದಾರೀಲಿ ಕೂತು ಅಳ್ತಾನೆ, ನಿಮ್ಮ ಮೂಟೆ ಅಲ್ಲೇ ಉಳಿಯುತ್ತೆ."

ಅಧಿಕಾರಿಯೂ ನಕ್ಕ. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. "ಅನ್ನ ಇನ್ನೂ ಅರಳಿಲ್ಲ. ಒಂದು ಗಳಿಗೆ ತಡೀರಿ, ಉಂಡು ಹೋಗಿ."

"ಬಂದು ಉಣ್ತೀನಿ. ಇಟ್ಟಿರು."

ಹಾಗೆಂದು ಹೊರೆಚೌಕಟ್ಟು ಬೆನ್ನಿಗೇರಿಸಿ ಹೊರಟರು. ಅಕ್ಕ ಅವರ ಹಿತ್ತಾಳೆಯ ಬಟ್ಟಲಿಗೆ ಅನ್ನ ತುಂಬಿ, ಮುಚ್ಚಳ ಮುಚ್ಚಿ, ಒಲೆಯ ಬಿಸಿ ನೆಲದಡಿ ಹರಿಯುವ ಬೆಚ್ಚನೆಯ ಮೂಲೆಯಲ್ಲಿ ರಜಾಯಿಯ ಕೆಳಗೆ ಇಟ್ಟಳು. ಅದೇನು ಹೊಸದಲ್ಲ. ಹೊರಗೆ ಹೋದ ಗಂಡಸಿನ ಅನ್ನವನ್ನು ನಮ್ಮ ಕಡೆ ಎಲ್ಲ ಹೆಂಗಸರೂ ಹಾಗೆಯೇ ಇಡುತ್ತಾರೆ. ಮನೆಯಲ್ಲಿ ಅವನ ಅನ್ನ ಬೆಚ್ಚಗಿದ್ದರೆ ಅವನು ಎಲ್ಲಿದ್ದರೂ ಹಸಿಯುವುದಿಲ್ಲ ಎಂಬ ನಂಬಿಕೆ.

ಮೂರು ದಿನವಾಯಿತು, ಹತ್ತು ದಿನವಾಯಿತು. ಭಾವ ಬರಲಿಲ್ಲ, ಬೇರೆಯವರೆಲ್ಲ ಬಂದರು. ಮೊದಲು ದಕ್ಷಿಣದ ಸೈನ್ಯ, ಅದರ ಬೆನ್ನಿಗೆ ಅಮೆರಿಕದವರು, ಅಂಗಳಕ್ಕಿಂತ ದೊಡ್ಡ ಗಾಡಿಗಳಲ್ಲಿ. ಆಮೇಲೆ ಹೆಸರೂ ಗೊತ್ತಿಲ್ಲದ ದೇಶದವರು. ಒಂದು ಗುಂಪಿನವರ ಮೀಸೆ ನಮ್ಮೂರ ಗಂಡಸರೆಲ್ಲರ ಮೀಸೆ ಸೇರಿಸಿದರೂ ಆಗದಷ್ಟು ದಪ್ಪ. ಇನ್ನೊಂದು ಗುಂಪಿನವರು ಕಪ್ಪಗೆ, ಎತ್ತರಕ್ಕೆ, ಮಂಜು ಕಂಡು ನಮಗಿಂತ ಹೆಚ್ಚು ಹೆದರಿದ್ದರು. ಚಳಿಗಾಲದಲ್ಲಿ ಚೀನಾದವರು ಹತ್ತಿ ತುಂಬಿದ ಅಂಗಿ ತೊಟ್ಟು, ಕಹಳೆ ಊದುತ್ತ ಬೆಟ್ಟದಿಂದಿಳಿದರು. ನಮ್ಮವರ ಕೈಯಲ್ಲಿದ್ದ ಬಂದೂಕು ರಷ್ಯದ್ದು, ಇಲ್ಲವೇ ಅಮೆರಿಕದ್ದು. ಜಗಳ ಅಣ್ಣತಮ್ಮಂದಿರದು, ದೊಣ್ಣೆ ಕೊಟ್ಟವರು ಊರಾಚೆಯವರು, ಕೊನೆಗೆ ದೊಣ್ಣೆ ಸಾಲದೆಂದು ಅವರೇ ಅಂಗಳಕ್ಕಿಳಿದರು. ಕೋಣ ಕೋಣ ಕಾದಾಡಿದರೆ ಗಿಡಕ್ಕೆ ಮಿತ್ತು ಎನ್ನುತ್ತಾರಲ್ಲ, ನಾವು ಆ ಗಿಡ. ಬಂದವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ನೀವು ಯಾರ ಕಡೆ?"

ಅಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ನಮ್ಮ ಯಜಮಾನರು ಮೂಟೆ ಹೊರೋಕೆ ಹೋಗಿದಾರೆ. ದಾರೀಲಿ ಕಂಡ್ರಾ?"

ಚೀನಾದವರು ಬರುತ್ತಿದ್ದಾರೆಂದು ಊರಿಗೆ ಊರೇ ಮಂಜಿನಲ್ಲಿ ದಕ್ಷಿಣಕ್ಕೆ ಹೊರಟಾಗ ಅವಳು ಹೊರಡಲಿಲ್ಲ. ನನ್ನ ಗಂಡ ಕಾಲು ಹಿಡಿದುಕೊಂಡ. "ಅತ್ತಿಗೆ, ಸತ್ತೇ ಹೋಗ್ತೀರಿ."

"ಅವರು ಬಂದಾಗ ಮನೆ ಬೀಗ ಹಾಕಿದ್ರೆ ಏನಂದ್ಕೋತಾರೆ? ನೀವು ಹೋಗಿ. ಮಂಜು ಕರಗಿದ ಮೇಲೆ ಬನ್ನಿ."

ಬಿಟ್ಟು ಹೋದೆವು. ಅದನ್ನು ಈಗ ಹೇಗೆ ಹೇಳಿದರೂ ಚೆನ್ನಾಗಿ ಕೇಳಿಸುವುದಿಲ್ಲ. ಒಂದೂವರೆ ವರ್ಷ ಬಿಟ್ಟು, ಕಂಕುಳಲ್ಲಿ ಚೊಚ್ಚಲು ಕೂಸು ಹೊತ್ತು ಮರಳಿದಾಗ ಮನೆ ಸುಟ್ಟು ಒಂದು ಗೋಡೆ ಉಳಿದಿತ್ತು. ಆ ಗೋಡೆಗೆ ಮರದ ಕೊಂಬೆ ಒರಗಿಸಿ, ಅದರ ಕೆಳಗೆ ಒಲೆ ಹೂಡಿ, ಅಕ್ಕ ಕುಳಿತಿದ್ದಳು. ಮೂಳೆ ಚಕ್ಕಳವಾಗಿದ್ದಳು. ಮೂಲೆಯಲ್ಲಿ ಅದೇ ಬಟ್ಟಲು. ತಾನು ಆಲೂಗಡ್ಡೆ ತಿಂದು ಬಟ್ಟಲಿಗೆ ಮಾತ್ರ ಎಲ್ಲಿಂದಲೋ ತಂದ ನವಣೆ ಅನ್ನ ತುಂಬಿದ್ದಳು.

"ಒಂದು ದಿನ ಚೀನಾದೋನೊಬ್ಬ ಒಳಗೆ ಬಂದು ಇದನ್ನ ತಿಂದುಬಿಟ್ಟ ಕಣೇ" ಎಂದಳು. "ಮೂರು ದಿನದಿಂದ ಹಸಿದಿದ್ದ ಅನ್ಸುತ್ತೆ. ಕಣ್ಣು ಗುಳಿ ಬಿದ್ದು ಮುಖದಲ್ಲಿ ಮೂಗು ಮಾತ್ರ ಉಳಿದಿತ್ತು. ತಿಂದು, ಬಟ್ಟಲು ತೊಳೆದಿಟ್ಟು, ನನಗೆ ಬಗ್ಗಿ ನಮಸ್ಕಾರ ಮಾಡಿ ಹೋದ. ಅವನ ಹೆಂಡ್ತೀನೂ ಅಲ್ಲಿ ಅನ್ನ ಇಟ್ಟಿರ್ತಾಳೆ, ಪಾಪ."

ಕದನ ನಿಂತಾಗ ಗೆರೆ ಉತ್ತರಕ್ಕೆ ಸರಿದಿತ್ತು, ಬಾಮ್‌ಗೋಲ್ ದಕ್ಷಿಣಕ್ಕೆ ಸೇರಿತ್ತು. ನಾವು ಮನೆ ಬದಲಿಸಲಿಲ್ಲ, ದೇಶ ಬದಲಾಯಿತು. ಹೊಸ ಸರ್ಕಾರದ ದಫ್ತರದಲ್ಲಿ ಭಾವನ ಹೆಸರಿನ ಮುಂದೆ ‘ಆ ಕಡೆಗೆ ಹೋದವನು’ ಎಂದು ಬರೆದರು, ಅಂದರೆ ತಾನಾಗಿ ಉತ್ತರದವರನ್ನು ಸೇರಿದವನು. ಒಯ್ದರು ಎಂದು ನಾವು ಎಷ್ಟು ಹೇಳಿದರೂ ಬರೆದದ್ದು ಬರೆದದ್ದೇ. ವರ್ಷಕ್ಕೆ ಎರಡು ಸಲ ಪೊಲೀಸಿನವನೊಬ್ಬ ಬಂದು ಗಂಡನಿಂದ ಕಾಗದ ಬಂತೇ ಎಂದು ಅಕ್ಕನನ್ನು ಕೇಳುತ್ತಿದ್ದ. "ಬಂದ್ರೆ ಮೊದಲು ನಿಮಗೇ ತೋರಿಸ್ತೀನಪ್ಪ, ನನಗೆ ಓದೋಕೆ ಬರಲ್ಲ" ಎನ್ನುತ್ತಿದ್ದಳು.

ಸುಟ್ಟ ಜಾಗದಲ್ಲಿ ಅಕ್ಕಪಕ್ಕ ಎರಡು ಪುಟ್ಟ ಮನೆ ಕಟ್ಟಿದೆವು. ವಂಶಕ್ಕೆ ಹಿರಿಯ ಮಗನ ಕವಲು ಒಣಗಬಾರದೆಂದು ನೆಂಟರು ಕುಳಿತು ತೀರ್ಮಾನಿಸಿ, ನನ್ನ ಎರಡನೇ ಮಗ ಯೊಂಗ್‌ಬೆಯನ್ನು ಅಕ್ಕನಿಗೆ ದತ್ತು ಕೊಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಅವನು ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತ ಅವಳ ಮನೆಯಲ್ಲಿ ಬೆಳೆದ, ಹಗಲಿಗೆ ಹತ್ತು ಸಲ ನನ್ನ ಮನೆಗೂ ಓಡಿ ಬರುತ್ತಿದ್ದ. ಸಂಜೆಯಾದರೆ ಅಕ್ಕ ಬಟ್ಟಲು ತುಂಬಿ ಮೂಲೆಗಿಡುತ್ತಿದ್ದಳು, ಬೆಳಿಗ್ಗೆ ಆ ತಂಗಳನ್ನವನ್ನು ತಾನೇ ಉಣ್ಣುತ್ತಿದ್ದಳು. ಉಣ್ಣುವ ಮೊದಲು ಮುಚ್ಚಳ ತಿರುಗಿಸಿ ನೋಡುವಳು. ಒಳಗೆ ನೀರಿನ ಹನಿ ಕಟ್ಟಿದ್ದರೆ ದೂರವಿರುವವರು ಕ್ಷೇಮ ಎಂದು ಲೆಕ್ಕ.

"ಹನಿ ಇದೆ ನೋಡು. ಇದಾರೆ."

"ಬಿಸಿ ಅನ್ನದ ಮೇಲೆ ಮುಚ್ಚಳ ಮುಚ್ಚಿದ್ರೆ ಬೆವರದೆ ಇನ್ನೇನು ಮಾಡುತ್ತೆ ಅಕ್ಕ?" ಎಂದು ನಾನು ನಗುತ್ತಿದ್ದೆ.

"ನಗು. ನಿನ್ನ ಗಂಡ ಹೊಲದಲ್ಲಿದಾನೆ, ನಿನಗೆ ಮುಚ್ಚಳ ನೋಡೋ ಕೆಲಸ ಇಲ್ಲ."

ಅವಳು ಕುಟುಕಿ ಆಡಿದ ಮಾತಲ್ಲ ಅದು. ಆದರೂ ನಾನು ಏನಾದರೂ ನೆಪ ಹೇಳಿ ಎದ್ದು ಬರುತ್ತಿದ್ದೆ. ಅಂದು ಅಂಗಳದಿಂದ ಅಣ್ಣನ ಬದಲು ತಮ್ಮ ಹೋಗಿದ್ದರೆ ಆ ಮೂಲೆಯಲ್ಲಿ ಬಟ್ಟಲಿಟ್ಟು ಕೂರುವವಳು ನಾನು. ಮನೆಯಲ್ಲಿ ನಾವು ಅದನ್ನು ಒಂದು ದಿನವೂ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ.

ಇಪ್ಪತ್ತಾರು ವರ್ಷ ಹೀಗೆ ಕಳೆಯಿತು. ಯೊಂಗ್‌ಬೆಗೆ ಇಪ್ಪತ್ತಮೂರಾದಾಗ, ಮರಳುಗಾಡಿನ ದೇಶಗಳಲ್ಲಿ ರಸ್ತೆ ಕಟ್ಟುವ ಕೆಲಸಕ್ಕೆ ನಮ್ಮ ಹುಡುಗರನ್ನು ಸಾಲುಸಾಲಾಗಿ ಕರೆಯುತ್ತಿದ್ದರು. ಅವನು ಬೆಸುಗೆ ಕೆಲಸ ಕಲಿತಿದ್ದ. ಪರೀಕ್ಷೆಯಲ್ಲಿ ಮೊದಲಿಗನಾದ. ಆದರೆ ಮನೆತನದ ವಿಚಾರಣೆಯಲ್ಲಿ ಬಿದ್ದ, ದತ್ತು ತಂದೆ ‘ಆ ಕಡೆಗೆ ಹೋದವನು’. ಅದು ಮೂರನೇ ಸಲ. ಸೈನ್ಯದಲ್ಲೂ ಅದೇ, ರೈಲ್ವೆ ಕೆಲಸದಲ್ಲೂ ಅದೇ ಆಗಿತ್ತು. ದಫ್ತರದ ಗುಮಾಸ್ತ ಒಬ್ಬ ಒಳ್ಳೆಯವನು, ನನ್ನನ್ನು ಪಕ್ಕಕ್ಕೆ ಕರೆದು ದಾರಿ ಹೇಳಿದ. ಯುದ್ಧದಲ್ಲೇ ಸತ್ತರು ಎಂದು ಹೆಂಡತಿ ಹೆಬ್ಬೆಟ್ಟು ಒತ್ತಲಿ, ವರ್ಷ ವರ್ಷ ಮನೆಯಲ್ಲಿ ತಿಥಿ ನಡೆಯಲಿ, ನಾಲ್ಕು ಜನ ಕಾಣಲಿ. ಸತ್ತವನ ಮೇಲೆ ಯಾರಿಗೂ ಅನುಮಾನವಿಲ್ಲ.

ಯೊಂಗ್‌ಬೆ ದೊಡ್ಡಮ್ಮನಿಗೆ ಹೇಳಲು ಒಪ್ಪಲಿಲ್ಲ. ನಾನು ಹೋದೆ. ಮಧ್ಯಾಹ್ನ, ಅವಳು ಜಗಲಿಯಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ತೊಟ್ಟು ಬಿಡಿಸುತ್ತಲೇ ಹೇಳಿದಳು.

"ಬದುಕಿರೋರಿಗೆ ಎಡೆ ಇಡಬಾರದು ತಂಗಿ. ಅವರ ಆಯಸ್ಸು ನಾವು ಉಂಡ ಹಾಗೆ."

"ಇಪ್ಪತ್ತಾರು ವರ್ಷ ಆಯ್ತಲ್ಲ ಅಕ್ಕ. ಮೂರು ದಿನಕ್ಕೆ ಅಂತ ಹೋದೋರು."

"ಕೆಲಸ ಮುಗಿದಿಲ್ಲ ಏನೋ."

ನನಗೆ ರೇಗಿಹೋಯಿತು. ಅಲ್ಲಿಯವರೆಗೆ ಅವಳಿಗೆ ನೀವು ಎನ್ನದೆ ಮಾತಾಡಿದವಳಲ್ಲ ನಾನು. ಅಂದು ಬಾಯಿ ಜಾರಿತು.

"ನಿನಗೆ ನಿನ್ನ ಬಟ್ಟಲು ದೊಡ್ಡದು, ನನ್ನ ಮಗ ದೊಡ್ಡವನಲ್ಲ. ಹೆತ್ತಿದ್ರೆ ಗೊತ್ತಾಗ್ತಿತ್ತು. ಸರಿ, ಬದುಕಿದಾರೆ ಅನ್ನು. ಸತ್ತಿದ್ರೆ? ಇಪ್ಪತ್ತಾರು ವರ್ಷದಿಂದ ಒಂದು ಎಡೆ ಇಲ್ದೆ, ಒಂದು ತೊಟ್ಟು ನೀರಿಲ್ದೆ ಎಲ್ಲಿ ಅಲೀತಾ ಇದಾರೋ. ಹಸಿದ ಪ್ರೇತ ಮಾಡಿಟ್ಟಿದೀಯಲ್ಲ, ಅದಕ್ಕೇನು ಹೇಳ್ತೀಯ?"

ಅವಳ ಕೈ ನಿಂತಿತು. ಮೆಣಸಿನ ಘಾಟಿಗೋ ಏನೋ ಕಣ್ಣು ಕೆಂಪಾಗಿತ್ತು. ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ ಕೇಳಿದಳು.

"ಒಂಬತ್ತನೇ ತಿಂಗಳ ಒಂಬತ್ತು ಯಾವಾಗ ಬರುತ್ತೆ?"

ಸತ್ತ ದಿನ ತಿಳಿಯದವರಿಗೆ ನಾವು ಎಡೆ ಇಡುವ ದಿನ ಅದು. ನಾನು ಗೆದ್ದಿದ್ದೆ. ಗೆದ್ದು ಮನೆಗೆ ಬಂದು ಅತ್ತೆ.

ಆ ದಿನದ ಅಡಿಗೆಯನ್ನು ಅವಳೇ ಮಾಡಿದಳು, ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಮೀನು, ಸೊಪ್ಪು, ಸಿಪ್ಪೆ ಹೆರೆದ ಚೆಸ್ಟ್‌ನಟ್ ಕಾಯಿ, ಬಿಳಿ ಅನ್ನ. ತಿಥಿ ಮಾಡುವುದು ಗಂಡಸರ ಕೆಲಸ, ಹೆಂಗಸರು ಅಡಿಗೆಮನೆ ದಾಟುವಂತಿಲ್ಲ. ಬದುಕಿದ್ದವರ ಚಮಚವನ್ನು ಬಟ್ಟಲಿನ ಪಕ್ಕದಲ್ಲಿಡುತ್ತೇವೆ, ಸತ್ತವರ ಚಮಚವನ್ನು ಅನ್ನದ ನಡುವೆ ನೆಡುತ್ತೇವೆ. ಯೊಂಗ್‌ಬೆ ಚಮಚ ಎತ್ತಿಕೊಂಡು ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಅಕ್ಕ ಹೊಸ್ತಿಲಲ್ಲಿ ನಿಂತು, ನೆಡು ಎಂಬಂತೆ ತಲೆಯಾಡಿಸಿದಳು. ಅವನು ನೆಟ್ಟ. ಸತ್ತವರು ಸಂಕೋಚವಿಲ್ಲದೆ ಉಣ್ಣಲೆಂದು ಗಂಡಸರೆಲ್ಲ ಹೊರಬಂದು ಬಾಗಿಲು ಮುಚ್ಚಿದರು. ಮುಚ್ಚಿದ ಬಾಗಿಲನ್ನೇ ಅಕ್ಕ ನೋಡುತ್ತಿದ್ದಳು. ಕೊನೆಗೆ ಮೆಲ್ಲಗೆ ನನಗೆ ಹೇಳಿದಳು, "ಅವರು ಬೇಗ ಉಣ್ಣೋರಲ್ಲ. ಇನ್ನೂ ಸ್ವಲ್ಪ ಹೊತ್ತು ಬಿಡಿ ಅಂತ ಹೇಳು."

ದಫ್ತರದಲ್ಲಿ ಹೆಸರಿನ ಮುಂದಿನ ಮಾತು ಬದಲಾಯಿತು. ಯೊಂಗ್‌ಬೆ ಚಳಿಗಾಲದಲ್ಲಿ ಬಸ್ಸು ಹತ್ತಿ ಹೋದ. ಮಾರನೆಯ ಸಂಜೆ ನಾನು ಕೋಸಿನ ಕಿಮ್ಚಿ ಉಪ್ಪಿನಕಾಯಿ ಕೊಡುವ ನೆಪದಲ್ಲಿ ಅವಳ ಮನೆಗೆ ಹೋದೆ. ಬೆಚ್ಚನೆಯ ಮೂಲೆಯಲ್ಲಿ ರಜಾಯಿ ಮಡಚಿಟ್ಟಿತ್ತು, ಬಟ್ಟಲು ಇರಲಿಲ್ಲ. ಕಿಮ್ಚಿ ಇಟ್ಟು ಮರಳಿ ಬಂದೆ. ಹುಡುಗ ಮೂರು ವರ್ಷ ದುಡಿದು ಮರಳಿ ಬಂದು, ಪಕ್ಕದ ಪೇಟೆಯಲ್ಲಿ ಬೆಸುಗೆ ಅಂಗಡಿ ಹಾಕಿದ, ಅಲ್ಲೇ ಸಂಸಾರ ಹೂಡಿದ. ಪ್ರತಿ ವರ್ಷ ಒಂಬತ್ತನೇ ತಿಂಗಳ ಒಂಬತ್ತಕ್ಕೆ ಬಂದು ಚಮಚ ನೆಟ್ಟು ಹೋಗುತ್ತಿದ್ದ. ಪೊಲೀಸಿನವನು ಬರುವುದೂ ನಿಂತಿತು. ಮುಚ್ಚಿಡುವುದೇನು, ಅವಳನ್ನು ಕೇಳಿಕೊಂಡು ಮನೆಗೆ ಬರುತ್ತಿದ್ದ ಹೊರಗಿನ ಮನುಷ್ಯ ಅವನೊಬ್ಬನೇ ಆಗಿದ್ದ.

ಮತ್ತೆ ಇಪ್ಪತ್ತೆರಡು ವರ್ಷ. ಒಂದು ದಿನ ಬೆಳಿಗ್ಗೆ, ಚೀನಾದ ಗಡಿಯಲ್ಲಿ ನೆಲೆಸಿದ ನಮ್ಮವನೇ ಒಬ್ಬ, ಒಣಬೇರು ಮಾರುವವನು, ಶಿಮ್, ಅಂದರೆ ನನ್ನ ಗಂಡನ ಮನೆತನದವರು ಯಾರು ಎಂದು ವಿಚಾರಿಸುತ್ತ ನನ್ನ ಮನೆಗೆ ಬಂದ. ಅಂಗಿಯ ಅಸ್ತರಿನೊಳಗಿನಿಂದ ಕಾಗದ ತೆಗೆದು ಕೊಟ್ಟ, ಜೊತೆಗೊಂದು ಫೋಟೋ. ಗೆರೆಯ ಆಚೆಯಿಂದ, ಇನ್‌ಗ್ಯು ಭಾವನ ಮಗಳು ಬರೆದದ್ದು.

ನಾನು ಬಾಗಿಲು ಹಾಕಿಕೊಂಡು ಮೂರು ಸಲ ಓದಿದೆ. ಮೂಟೆ ಹೊತ್ತು ಹೋದವರನ್ನು ಕಣಿವೆ ದಾಟಿದ ಮೇಲೂ ಬಿಡದೆ ಕಲ್ಲಿದ್ದಲ ಗಣಿಗೆ ಹಾಕಿದರಂತೆ. ಅಲ್ಲೇ ಮದುವೆ, ಇಬ್ಬರು ಹೆಣ್ಣುಮಕ್ಕಳು. ಹೋದ ವರ್ಷದ ಚಳಿಗಾಲದಲ್ಲಿ ಪಡಿತರ ನಿಂತುಹೋಗಿತ್ತು, ತಮ್ಮ ಪಾಲಿನ ಗಂಜಿಯನ್ನು ಮೊಮ್ಮಕ್ಕಳಿಗೆ ಕೊಟ್ಟು, ಎರಡನೇ ತಿಂಗಳ ಹದಿನೆಂಟರಂದು ಹಸಿವಿನಿಂದ ತೀರಿಕೊಂಡರು. ಬಾಮ್‌ಗೋಲ್‌ನಲ್ಲಿ ನನ್ನ ಹೆಂಡತಿ ಓಕ್‌ಬುನ್ ಇದ್ದಾಳೆ, ನನ್ನ ಸಾವಿನ ದಿನವನ್ನು ಅವಳಿಗೆ ತಿಳಿಸು ಎಂದು ಹೇಳಿ ಹೋದರು. ಅಷ್ಟೇ ಕಾಗದ.

ನಾವು ಚಮಚ ನೆಟ್ಟು ಕೈ ಮುಗಿಯುತ್ತಿದ್ದಾಗ ಅವರು ಬದುಕಿದ್ದರು. ಇಪ್ಪತ್ತೊಂದು ವರ್ಷ ಬದುಕಿದ್ದವರಿಗೆ ಎಡೆ ಇಟ್ಟಿದ್ದೆವು. ಅದನ್ನಾದರೂ ತಡೆದುಕೊಂಡೇನು. ಆದರೆ ಅವರ ಅನ್ನದ ಬಟ್ಟಲನ್ನು ಆ ಮೂಲೆಯಿಂದ ಎತ್ತಿಸಿದವಳು ನಾನು, ಅವರು ಸತ್ತದ್ದು ಹಸಿದು. ಬಿಸಿ ಅನ್ನಕ್ಕೆ ಮುಚ್ಚಳ ಬೆವರುತ್ತದೆ ಎಂದು ನಕ್ಕವಳಿಗೆ ಆ ಬೆಳಿಗ್ಗೆ ಬುದ್ಧಿಯ ಮಾತೊಂದೂ ನೆನಪಾಗಲಿಲ್ಲ.

ಸಂಜೆ ಅವಳ ಮನೆಗೆ ಹೋಗಿ 'ಕಾಗದ ಬಂದಿದೆ ಅಕ್ಕ' ಎಂದೆ. ಅವಳು ಕೈ ಒರೆಸಿಕೊಂಡು ಎದುರಿಗೆ ಕುಳಿತಳು. ಓದಿದೆ. ಗಣಿ, ಮದುವೆ, ಹೆಣ್ಣುಮಕ್ಕಳು, ಎಲ್ಲ ಓದಿದೆ. ಮದುವೆಯ ಮಾತು ಬಂದಾಗ "ಒಬ್ಬರೇ ಇರೋರಲ್ಲ ಅವರು, ಒಳ್ಳೇದಾಯ್ತು" ಎಂದಳು. ಸಾವಿನ ಸಾಲು ಬಂದಾಗ ಮುಪ್ಪಿನಿಂದ ತೀರಿಕೊಂಡರು ಎಂದು ಓದಿದೆ. ಅವಳು ಭಾವನ ಕೊನೆಗಾಲದ ಆ ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಆ ಕೊನೇ ಸಾಲು ಇನ್ನೊಂದ್ಸಲ ಓದು."

"ಎರಡನೇ ತಿಂಗಳ ಹದಿನೆಂಟು, ಕಾಯಿಲೆಯಿಂದ..."

"ಮೊದಲು ಮುಪ್ಪು ಅಂದೆ. ಈಗ ಕಾಯಿಲೆ ಅಂತೀಯ." ಫೋಟೋವನ್ನು ಮಡಿಲಲ್ಲಿಟ್ಟುಕೊಂಡಳು. "ಹಸಿದೋರ ಮುಖ ನಾನು ನೋಡದೇ ಇರೋದಾ ತಂಗಿ? ಇದ್ದದ್ದು ಇದ್ದ ಹಾಗೆ ಓದು."

ಇದ್ದದ್ದು ಇದ್ದ ಹಾಗೆ ಓದಿದೆ. ಓದಿ ಮುಗಿಸಲಾಗದೆ ಅವಳ ಮೊಣಕಾಲ ಮೇಲೆ ತಲೆಯಿಟ್ಟು ಅತ್ತೆ. "ನಾನು ನಿಲ್ಲಿಸಿಬಿಟ್ಟೆ ಅಕ್ಕ. ಅವರ ಅನ್ನ ನಾನು ನಿಲ್ಲಿಸಿಬಿಟ್ಟೆ."

ಅವಳು ನನ್ನ ಕೂದಲು ಸರಿಸಿದಳು. ನನಗಿಂತ ಐದೇ ವರ್ಷ ದೊಡ್ಡವಳು, ಅಂದು ತಾಯಿಯ ಹಾಗೆ ಸರಿಸಿದಳು.

"ನೀನೇನೂ ನಿಲ್ಲಿಸಿಲ್ಲ. ಏಳು, ಇಲ್ಲಿ ನೋಡು."

ಹಿಂದಿನ ಕೋಣೆಯಲ್ಲಿ ಅಕ್ಕಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಅಕ್ಕಿಯ ನಡುವೆ, ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿದ ಹಿತ್ತಾಳೆಯ ಬಟ್ಟಲು. ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.

"ಯೊಂಗ್‌ಬೆ ಬಸ್ಸು ಹತ್ತಿದ ದಿನದಿಂದ ಇಲ್ಲೇ ಇಡ್ತಿದೀನಿ. ನೀನು ಕಂಡ್ರೆ ಬೈತೀಯ ಅಂತ. ಹುಡುಗನ ಕೆಲಸಕ್ಕೆ ಸತ್ತೋರು, ನನಗೆ ಇದ್ದೋರು. ಒಂದು ದಿನಾನೂ ತಪ್ಪಿಸಲಿಲ್ಲ ಕಣೇ. ಜ್ವರ ಬಂದು ಮಲಗಿದ ದಿನಾನೂ ಎದ್ದು ಇಟ್ಟಿದೀನಿ." ಬಟ್ಟಲಿಗೆ ಕಂಬಳಿ ಮತ್ತೆ ಸುತ್ತುತ್ತ, ಯಾರನ್ನೋ ಕೇಳುವವಳಂತೆ ಹೇಳಿದಳು. "ಆದ್ರೂ ಹಸಿದೇ ಹೋದ್ರಲ್ಲ."

ತಪ್ಪು ನನ್ನದಾಗಿದ್ದರೆ ಎಷ್ಟೋ ಹಗುರವಿತ್ತು, ಅವಳು ನನ್ನನ್ನು ಬೈಯಬಹುದಿತ್ತು. ಅವಳು ಅಳಲಿಲ್ಲ. ಪೆಟ್ಟಿಗೆಯ ಪಕ್ಕ ನೆಲಕ್ಕೆ ಕುಳಿತು ಗೋಡೆಗೆ ಒರಗಿದಳು. ನಾನೂ ಕೂರಲು ಹೋದಾಗ ಬೇಡವೆಂದು ಕೈಯಾಡಿಸಿದಳು.

"ಹೊತ್ತಾಯ್ತು. ನೀನು ಮನೆಗೆ ಹೋಗು. ಮೈದುನ ಹಸಿದಿರ್ತಾನೆ."

ನಾನು ಹೋಗಿ ನನ್ನ ಗಂಡನಿಗೆ ಅನ್ನ ಬಡಿಸಿದೆ.